ಎಡಕ್ಕೆ ಬಿಗಿಯುವ ಟೇಬಲ್

"ಲಾರಿ ಬರೂದ್ರೊಳಗ ಮುಗಸ್ರಿ ಅಕ್ಕೋರ. ಅದು ಬಂತಂದ್ರ ನಾ ಮಶೀನ್ ಎತ್ತಿ ಕೊಟ್ಟು ಬಿಡಾಂವ. ಆಮ್ಯಾಲ ನನ್ನ ಬೈಬ್ಯಾಡ್ರಿ."

ಶಂಕ್ರೆಪ್ಪ ಶಟರನ್ನು ಇನ್ನಷ್ಟು ಮೇಲಕ್ಕೆ ದೂಡಿದ. ಮುಂಬೈ ಹೊರವಲಯದ ಮಹಾಪೆಯ ಬಿಸಿಲು ಶೆಡ್ಡಿನೊಳಕ್ಕೆ ಚಾಚಿ, ಹೊಸದಾಗಿ ಹಸಿರು ಬಣ್ಣ ಬಳಿದ ಹಳೆಯ ಮಿಲ್ಲಿಂಗ್ ಮಶೀನಿನ ಮೈಮೇಲೆ ಬಿತ್ತು. ಶುಕ್ರವಾರ, ವಾರಕ್ಕೊಮ್ಮೆ ಕರೆಂಟು ಇಲ್ಲದ ರಜೆ. ಸುತ್ತಲಿನ ಶೆಡ್ಡುಗಳೆಲ್ಲ ಬಾಗಿಲು ಹಾಕಿಕೊಂಡಿದ್ದವು. ಘಣಸೋಲಿಯ ಕಡೆಯ ಗದ್ದೆಗಳಿಂದ ಕೊಕ್ಕರೆಗಳ ಕೂಗು ಕೂಡ ಕೇಳಿಸುತ್ತಿತ್ತು.

ವಾರಿಜಾ ಬಳೆಗಳನ್ನು ಮೊಣಕೈಯತ್ತ ಸರಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಬೈಯುವುದಿಲ್ಲ ಶಂಕ್ರೆಪ್ಪ. ಲಾರಿ ಯಾರದ್ದು ಅಂತ ಹೇಳಿದರೆ ಸಾಕು."

"ದಲಾಲಿ ಹೇಳಿ ಕಳಿಸ್ಯಾನ್ರಿ. ಥಾಣೇದ ಯಾರೋ ಶೇಠಂತ. ಈ ಮಶೀನ್ ಒಯ್ದು ಇದಕ್ಕಿಂತ ಚಲೋದು ಕೊಡ್ತಾನಂತ. ಮ್ಯಾಲ ಏನೂ ಕೊಡೂದು ಬ್ಯಾಡಂತ."

"ಸಡಿಲ ಮಶೀನು ತಗೊಂಡು ಗಟ್ಟಿ ಮಶೀನು ಕೊಡ್ತಾನೆ. ನಿಮಗೆ ಆಶ್ಚರ್ಯ ಆಗಲಿಲ್ವಾ?"

"ಆತ್ರಿ. ಆದ್ರ ಆಶ್ಚರ್ಯ ಆತಂತ ಬಾಗಲಿಗೆ ಬಂದ ಲಕ್ಷ್ಮೀನ ಹೊಳ್ಳಿ ಕಳಸ್ತಾರೇನ್ರಿ?"

ಮಶೀನಿನ ಬಳಿ ಕುಕ್ಕರಗಾಲಿನಲ್ಲಿ ಕುಳಿತಿದ್ದ ಫಿಟ್ಟರ್ ಮಾನಪ್ಪ ನಕ್ಕ. ವಾರಿಜಾ ನಗಲಿಲ್ಲ. ಆ ಥಾಣೆಯ ಶೇಠ್ ಯಾರೆಂದು ಅವಳಿಗೆ ಆಗಲೇ ಒಂದು ಊಹೆ ಇತ್ತು.

ಥಾಣೆಯಲ್ಲಿ ಪುಂಡರೀಕಾಕ್ಷನ ವರ್ಕ್‌ಶಾಪು ಸುಟ್ಟು, ಒಳಗೆ ಮಲಗಿದ್ದ ಮಿಲ್ಲಿಂಗ್ ಕೆಲಸಗಾರ ಮಹಾದೇವಪ್ಪ ಸತ್ತಿದ್ದ. ಕಾವಲುಗಾರ ಜಟ್ಟೆಪ್ಪನ ಸ್ಟೋವಿನಿಂದಲೇ ಬೆಂಕಿ ಹತ್ತಿತೆಂದು ಪೊಲೀಸರು ಅವನನ್ನು ಒಳಗೆ ಹಾಕಿದ್ದರು. ವಿಮಾ ಕಂಪನಿಯ ತನಿಖಾ ವರದಿಗೆ ಸಹಿ ಹಾಕಬೇಕಾದವಳು ವಾರಿಜಾ. ಅವಳು ಇನ್ನೂ ಹಾಕಿರಲಿಲ್ಲ.

ಸಹಿ ಬಿದ್ದರೆ ಪುಂಡರೀಕಾಕ್ಷನಿಗೆ ಮಶೀನಿನ ಪರಿಹಾರ ಸಿಗುತ್ತದೆ. ಅದೇ ಕಾಗದ ಕೋರ್ಟಿಗೆ ಹೋಗಿ ಜಟ್ಟೆಪ್ಪನ ಕುತ್ತಿಗೆಗೆ ಬೀಳುತ್ತದೆ. "ಒಳಗೆ ಯಾರೋ ಮಲಗಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ" ಎಂದು ಪುಂಡರೀಕಾಕ್ಷ ಪೊಲೀಸರ ಮುಂದೆ ಕಣ್ಣೊರೆಸಿಕೊಂಡು ಹೇಳಿದ್ದ. ಎಲ್ಲರೂ ನಂಬಿದ್ದರು.

ವಾರಿಜಾಳಿಗೂ ನಂಬಲು ಅಡ್ಡಿಯಿರಲಿಲ್ಲ. ಅಡ್ಡ ಬಂದದ್ದು ನಾಲ್ಕು ಬೋಲ್ಟುಗಳು. ಸುಟ್ಟ ಗಾಳಾದ, ಅಂದರೆ ಆ ವರ್ಕ್‌ಶಾಪಿನ ಶೆಡ್ಡಿನ, ನೆಲದಲ್ಲಿ ಮಶೀನನ್ನು ಬಿಗಿಯಲು ಹುಗಿದಿದ್ದ ಆ ಬೋಲ್ಟುಗಳಿಗೂ, ಅಲ್ಲಿ ಕರಕಲಾಗಿ ಬಿದ್ದಿದ್ದ ಮಶೀನಿನ ಕಾಲಿನ ತೂತುಗಳಿಗೂ ತಾಳೆಯೇ ಆಗುತ್ತಿರಲಿಲ್ಲ. ಅಂದರೆ ಸುಟ್ಟದ್ದು ಬೇರೆ ಯಾವುದೋ ಗುಜರಿ ಮಶೀನು. ನಿಜವಾದ ಮಶೀನು ಬೆಂಕಿಗೆ ಮೊದಲೇ ಬಾಗಿಲು ದಾಟಿತ್ತು.

ಅದನ್ನು ಹುಡುಕುತ್ತ ಹುಡುಕುತ್ತ ಅವಳು ಈ ಶೆಡ್ಡಿಗೆ ಬಂದು ನಿಂತಿದ್ದಳು.

"ನಂಬರ್ ಪಟ್ಟಿ ಇಲ್ರಿ ಅಕ್ಕೋರ," ಎಂದ ಮಾನಪ್ಪ, ಮಶೀನಿನ ಕಂಬದ ಮೇಲೆ ಕೈಯಾಡಿಸುತ್ತ. "ಕಿತ್ತು, ತೀಡಿ, ಬಣ್ಣ ಹೊಡದಾರ. ಕಾಲಿನ ತೂತು ಮಾತ್ರ ಸರಿ ಕೂಡ್ತಾವ."

"ಅದು ಸಾಲುವುದಿಲ್ಲ. ಈ ಕಂಪನಿಯ ಎಲ್ಲ ಮಶೀನಿಗೂ ತೂತು ಅಲ್ಲೇ ಇರ್ತದೆ. ನೀನು ಥಾಣೆಯಲ್ಲಿ ಮಹಾದೇವಪ್ಪನ ಜೊತೆ ಕೆಲಸ ಮಾಡಿದವನು. ಇದು ಅದೇ ಅಂತ ಹೇಳಬಲ್ಲೆಯಾ?"

ಮಾನಪ್ಪ ಮಶೀನನ್ನು ಮೇಲಿಂದ ಕೆಳಗೆ ನೋಡಿದ.

"ಆಣೆ ಮಾಡಿ ಹೇಳಾಕ ಬರಲ್ರಿ. ಅದರದು ಕಂದು ಬಣ್ಣ ಇತ್ತು. ಮತ್ತ ಅಂವ ನಮಗ ಮುಟ್ಟಾಕ ಎಲ್ಲಿ ಬಿಡ್ತಿದ್ದ? ಮುಂಜಾನೆ ಬಂದ ಕೂಡ್ಲೆ ವಿಭೂತಿ ಗಟ್ಟಿ ತಗದು, ಮೊದ್ಲು ಮಶೀನಿಗೆ ಮೂರು ಬೆರಳು ಎಳೀತಿದ್ದ, ಆಮ್ಯಾಲ ತನ್ನ ಹಣಿಗೆ. ನಡು ಬೆರಳು ಕಟ್ಟರಿಗೆ ಸಿಕ್ಕು ಅರ್ಧ ಹೋಗಿತ್ತಲ್ರಿ, ನಡುವಿನ ಗೆರಿ ಗಿಡ್ಡ ಬರ್ತಿತ್ತು. 'ನಿನ್ನ ಮಶೀನ್ ಹಣಿ ಹಲ್ಲು ಬಿದ್ದಂಗ ಕಾಣ್ತದಪಾ' ಅಂತ ನಾವು ಕಾಡ್ತಿದ್ವಿ. 'ನಗ್ರಿ ನಗ್ರಿ, ಆ ಬೆರಳ ತಿಂದಿದ್ದೂ ಇದ, ಅನ್ನ ಹಾಕ್ತಿರೂದೂ ಇದ' ಅಂತಿದ್ದ."

ಮಹಾದೇವಪ್ಪನಿಗೆ ಮಣ್ಣು ಕೊಟ್ಟವರಲ್ಲಿ ಮಾನಪ್ಪನೂ ಒಬ್ಬ. ಗುರುತು ಸಿಗದಷ್ಟು ಬೆಂದ ದೇಹವನ್ನು, ಕೊರಳಲ್ಲಿದ್ದ ಇಷ್ಟಲಿಂಗದ ಬೆಳ್ಳಿ ಕರಡಿಗೆ ನೋಡಿ ಇದು ಮಹಾದೇವಪ್ಪನೇ ಎಂದು ಹೇಳಿದವನೂ ಅವನೇ.

ವಾರಿಜಾ ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದು ಅವನ ಮುಂದಿಟ್ಟಳು.

"ಮೊದಲು ಎರಡು ಇಡ್ಲಿ ತಿನ್ನು. ಡೊಂಬಿವಲಿಯಿಂದ ಬರಿಹೊಟ್ಟೆಯಲ್ಲಿ ಬಂದಿದ್ದೀ. ಕೈ ನಡುಗಿದರೆ ಸ್ಕ್ರೂ ತಿರುಗುವುದಿಲ್ಲ."

ಅವನು ತಿನ್ನುವಷ್ಟರಲ್ಲಿ ಅವಳು ಮಶೀನನ್ನು ಸುತ್ತು ಹಾಕಿದಳು. ಮನೆಗೆ ಹೊಸದಾಗಿ ಬಂದ ಕೆಲಸದವಳನ್ನು ಗಮನಿಸುವ ಹಾಗೆ, ಸುಮ್ಮನೆ, ಅವಸರವಿಲ್ಲದೆ. ಟೇಬಲ್ಲಿನ ಎರಡು ತುದಿಗೂ ತಿರುಗಿಸುವ ಚಕ್ರಗಳಿದ್ದವು. ಬಲಗಡೆಯ ಚಕ್ರದ ಹಿಡಿ ಸವೆದು ಕನ್ನಡಿಯಾಗಿತ್ತು. ಎಡಗಡೆಯದು ಹೊಚ್ಚ ಹೊಸದು, ಅಂಗಡಿಯ ಗ್ರೀಸು ಕೂಡ ಒರೆಸಿರಲಿಲ್ಲ.

"ಈ ಚಕ್ರ ನೀವು ಹಾಕಿಸಿದ್ದಾ ಶಂಕ್ರೆಪ್ಪ?"

"ಇಲ್ರಿ, ಹಾಂಗ ಬಂದದ್ದು. ದಲಾಲಿ ಕಡೀಂದ ಒಬ್ಬ ಫಿಟ್ಟರ್ ಬಂದಿದ್ದ, ಅಂವ ಕೂಡ್ರಿಸಿ ಹೋದ. ಅದೇನ್ ಮನಷ್ಯಾನೋ! ತಲಿಗೆ ಮಾರಿಗೆ ಟವೆಲ್ ಸುತಗೊಂಡಿದ್ದ. ಚಾ ಕುಡಿ ಅಂದ್ರ ಇಲ್ಲ, ಊರ ಯಾವುದು ಅಂದ್ರ ಮಾತಿಲ್ಲ. ಕೈಯಾಗ ಚಿಂದಿ ಕಟಗೊಂಡಿದ್ದ. ಹೋಗಬೇಕಾದ್ರ ಮಾತ್ರ, ಒಂದೀಟ ಹೊರಗ ನಿಂದರು ಅಂತ ಸನ್ನಿ ಮಾಡಿದ. ನನ್ನ ಶೆಡ್ಡಿನಿಂದ ನನ್ನ ಹೊರಗ ಕಳಿಸಿದ ನೋಡ್ರಿ!"

"ಮೂಗನಾ?"

"ಮೂಗನೋ, ಸೊಕ್ಕಿನವನೋ. ಕೆಲಸ ಮಾತ್ರ ಚಲೋ ಮಾಡಿದ."

ಮಾನಪ್ಪ ಕೈ ತೊಳೆದು ಬಂದ. ಟೇಬಲ್ಲಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸಿದ. ಟಕ್, ಟಕ್ ಎಂದು ಸದ್ದಾಯಿತು.

"ಕೇಳಿದ್ರಾ? ಹಲ್ಲು ಅಲಗ್ಯಾಡಿದಂಗ. ಇಷ್ಟು ಆಟ ಇದ್ರ ಕೆಲಸ ಹೆಂಗ ಸಾಪಾಗ್ತದ? ಗಿಬ್ ಬಿಗೀಬೇಕು."

"ಗಿಬ್ ಅಂದರೆ ಒಳಗಿರುವ ಆ ಬೆಣೆ ಅಲ್ವಾ?"

"ಹೌದ್ರಿ. ಟೇಬಲ್ ಓಡೂ ಗಾಡಿ, ಕೆಳಗಿನ ಕೂಡೂ ಗಾಡಿ, ಎರಡರ ನಡುವ ಉದ್ದನ್ನ ಕಬ್ಬಿಣದ ಬೆಣಿ. ಈ ಕಡೆ ದಪ್ಪ, ಆ ಕಡೆ ತೆಳು. ದಪ್ಪ ಕಡೀಂದ ಒಳಗ ನೂಕಿದ್ರ ಸಡಿಲು ಹೋಗ್ತದ. ಹೊರಗ ಎಳದ್ರ ಮತ್ತ ಸಡಿಲು."

ಅವನು ಟೇಬಲ್ಲನ್ನು ಸೀಮೆಎಣ್ಣೆಯಿಂದ ತೊಳೆದು ಒರೆಸಿದ. ಎಡಗಡೆ ತೂಗುತ್ತಿದ್ದ ಟೇಬಲ್ಲಿನ ಅಡಿಗೆ ಕೈ ತೂರಿಸಿ, ಕಣ್ಣಿಗೆ ಕಾಣದ ಸ್ಕ್ರೂವನ್ನು ಬೆರಳಿಂದಲೇ ಹುಡುಕಿ ಸಡಿಲಿಸಿದ. ಬಲಗಡೆಗೆ ಬಂದು ಅಲ್ಲಿಯ ಸ್ಕ್ರೂವನ್ನು ಒಂದಿಷ್ಟೇ ತಿರುಗಿಸಿದ. ಚಕ್ರ ಹಿಡಿದು ಟೇಬಲ್ ಓಡಿಸಿ ನೋಡಿದ. ಮತ್ತೆ ಒಂದಿಷ್ಟು, ಮತ್ತೆ ಓಡಿಸುವುದು.

"ಸಾರಿಗೆ ಉಪ್ಪು ಹಾಕಿದ ಹಾಗೆ," ಎಂದಳು ವಾರಿಜಾ.

"ಉಪ್ಪು ಹೆಚ್ಚಾದ್ರ ತಗ್ಯಾಕ ಬರಲ್ರಿ. ಗಿಬ್ ಹಿಂದ ತಗೀಬಹುದು. ನಿಮ್ಮ ಕೆಲಸನ ತ್ರಾಸಿಂದು."

ಕೊನೆಗೆ ಟಕ್ ಟಕ್ ಸದ್ದು ನಿಂತಿತು. ನಡುವಿನಲ್ಲಿ ಟೇಬಲ್ ಎಣ್ಣೆಯ ಮೇಲೆ ಜಾರಿದಂತೆ ಜಾರಿತು. ಮಾನಪ್ಪ ತೃಪ್ತಿಯಿಂದ ಕೈ ಒರೆಸಿಕೊಂಡ.

"ಆಯ್ತ್ರಿ. ಹೊಸದರಂಗ ಆಯ್ತು."

"ಪೂರ್ತಿ ಬಲಕ್ಕೆ ಓಡಿಸು, ನೋಡುವ."

ಟೇಬಲ್ ಬಲದ ಕೊನೆಯವರೆಗೆ ಸಲೀಸಾಗಿ ಹೋಯಿತು.

"ಈಗ ಎಡಕ್ಕೆ."

ಮಾನಪ್ಪ ಚಕ್ರ ತಿರುಗಿಸಿದ. ನಡುವನ್ನು ದಾಟಿ ಸ್ವಲ್ಪ ದೂರ ಸರಾಗವಾಗಿ ಹೋದ ಟೇಬಲ್, ಇದ್ದಕ್ಕಿದ್ದಂತೆ ಭಾರವಾಯಿತು. ಅವನು ಮೈಯ ಬಲವನ್ನೆಲ್ಲ ಹಾಕಿದ. ಅದು ಅಲ್ಲಿಯೇ ಕಚ್ಚಿಕೊಂಡು ನಿಂತಿತು.

"ಕಸ ಸಿಕ್ಕಿರಬೇಕು." ಅವನು ಮತ್ತೆ ತೊಳೆದ, ಮತ್ತೆ ಒರೆಸಿದ, ಎಣ್ಣೆ ಬಿಟ್ಟ. ಟೇಬಲ್ ಮತ್ತೆ ಅದೇ ಜಾಗದಲ್ಲಿ ನಿಂತಿತು.

ಮಾನಪ್ಪನ ಹುಬ್ಬು ಗಂಟಾಯಿತು.

"ಹಿಂಗ ಆಗೂದಿಲ್ರಿ. ಹಳೇ ಮಶೀನ್ ಯಾವುದಾದ್ರೂ ನಡುವ ಸವೀತದ. ನಡುವಿನ ಲೆಕ್ಕಕ್ಕ ಬಿಗದ್ರ ಎರಡೂ ಕೊನಿಗೆ ಹಿಡೀಬೇಕು. ಇದು ಬಲಕ್ಕ ಕೊನೀತನಕ ಹೋಗ್ತದ, ಎಡಕ್ಕ ಅರ್ಧ ದಾರ್ಯಾಗ ಹಿಡೀತದ."

"ಅಂದರೆ?"

"ಅಂದ್ರ… ಆ ಕಡೆ ಇದು ಓಡೇ ಇಲ್ಲ. ಹುಟ್ಟಿದಾಗಿಂದ ಓಡಿಲ್ಲ."

"ಓಡಿಲ್ಲವೋ, ಓಡಲಿಕ್ಕೆ ಬಿಟ್ಟಿಲ್ಲವೋ?"

ಅವನು ಅವಳ ಮುಖ ನೋಡಿದ. ಇಬ್ಬರ ಕಣ್ಣ ಮುಂದೆಯೂ ಒಂದೇ ಚಿತ್ರ ಬಂದಿತ್ತು. ಥಾಣೆಯ ಆ ಇಕ್ಕಟ್ಟಿನ ಗಾಳಾ, ಎಡಗಡೆ ಒತ್ತಿ ನಿಂತ ಗೋಡೆ.

"ಗ್ವಾಡಿ!" ಎಂದ ಮಾನಪ್ಪ ಮೆಲ್ಲಗೆ. "ಎಡಕ್ಕ ಗ್ವಾಡಿ ಇತ್ರಿ. ಜಾಗ ಇಲ್ಲಂತ ಎಡಗಡಿ ಚಕ್ರ ಬಿಚ್ಚಿ ಇಟ್ಟಿದ್ರು. ಬಲಗೈಲೇ ಎಲ್ಲಾ ಕೆಲಸ ಮಾಡ್ತಿದ್ದ ಮಹಾದೇವಪ್ಪ."

ಹೊರಗೆ ಲಾರಿಯ ಹಾರ್ನ್ ಕೇಳಿಸಿತು.

*

ಲಾರಿಯ ಹಿಂದೆಯೇ ಒಂದು ಬಿಳಿ ಫಿಯಟ್ ಬಂದು ನಿಂತಿತು. ಇಳಿದವನು ಪುಂಡರೀಕಾಕ್ಷ. ಇಸ್ತ್ರಿ ಮಾಡಿದ ಅರೆತೋಳಿನ ಅಂಗಿ, ಹಣೆಯಲ್ಲಿ ಗಂಧ, ಬೆರಳಲ್ಲಿ ತಿರುಗುವ ಕೀಲಿಗೊಂಚಲು. ವಾರಿಜಾಳನ್ನು ಕಂಡಾಗ ಗೊಂಚಲು ಒಂದು ಕ್ಷಣ ನಿಂತು, ಮತ್ತೆ ತಿರುಗಿತು.

"ಓಹೋ, ವಾರಿಜಕ್ಕ! ಇದೆಂತ, ರಜೆಯ ದಿನವೂ ಡ್ಯೂಟಿಯಾ? ಮನೆಯಲ್ಲಿ ಮಕ್ಕಳಿಗೆ ಅಡುಗೆ ಯಾರು ಮಾಡಿದರು ಮಾರಾಯ್ರೆ?"

"ನಾನೇ. ಮಾಡಿಟ್ಟು ಬಂದೆ. ನಿಮಗೂ ಬೇಕಾ, ಇಡ್ಲಿ ಉಂಟು."

"ಬೇಡ ಬೇಡ." ಅವನು ನಕ್ಕ. "ನಾನು ಇಲ್ಲಿಗೆ ಬಂದದ್ದು ನೋಡಿ ತಪ್ಪು ತಿಳಿಯಬೇಡಿ. ನನ್ನ ಮಶೀನಂತೂ ಬೂದಿ ಆಯ್ತು. ನಿಮ್ಮ ಕಂಪನಿಯ ಚೆಕ್ಕಿಗೆ ಕಾದು ಕೂತರೆ ಹೊಟ್ಟೆ ತುಂಬುವುದಿಲ್ಲ ಅಲ್ವಾ? ಒಂದು ಹಳೆಯದನ್ನಾದರೂ ಹಾಕಿ ಕೆಲಸ ಶುರು ಮಾಡುವ ಅಂತ."

"ಹಳೆಯದು ತಗೊಂಡು ಹೊಸದರ ಹಾಗಿರುವುದನ್ನು ಕೊಡುತ್ತಿದ್ದೀರಂತೆ. ಆ ಚಲೋ ಮಶೀನನ್ನೇ ನೀವು ಯಾಕೆ ಇಟ್ಟುಕೊಳ್ಳಬಾರದು?"

ಗೊಂಚಲು ನಿಂತಿತು.

"ನನಗೆ ಈ ಮಾಡೆಲ್ ಕೈ ಹಿಡಿದದ್ದು. ಅಭ್ಯಾಸ."

"ಹೌದ ನೋಡ್ರಿ, ನಾನೂ ಅದನ್ನ ಕೇಳಬೇಕಂತಿದ್ದೆ," ಎಂದ ಶಂಕ್ರೆಪ್ಪ. ಆದರೆ ಅವನ ಕಣ್ಣು ಲಾರಿಯಲ್ಲಿದ್ದ, ಟಾರ್ಪಾಲು ಹೊದ್ದ ಮಶೀನಿನ ಮೇಲೆಯೇ ಇತ್ತು.

ಪುಂಡರೀಕಾಕ್ಷ ಕೈ ಬೀಸಿದ. ಹಮಾಲರು ಹಗ್ಗ, ಹಾರೆಗಳನ್ನು ಹಿಡಿದು ಒಳಗೆ ಬಂದರು. ವಾರಿಜಾ ಮಶೀನಿನ ಮುಂದೆ ಹೋಗಿ ನಿಂತಳು. ಜೋರು ಮಾಡಲಿಲ್ಲ. ಸುಮ್ಮನೆ ನಿಂತಳು, ಅಷ್ಟೆ. ಹಮಾಲರು ಯಾರ ಮಾತು ಕೇಳಬೇಕೆಂದು ತಿಳಿಯದೆ ಹಗ್ಗ ಕೆಳಗಿಟ್ಟರು.

"ಒಂದು ಸಣ್ಣ ಕೆಲಸ ಬಾಕಿ ಉಂಟು," ಎಂದಳು. ಚೀಲದಿಂದ ಕೆಂಪು ದಾರದ ಒಂದು ಉಂಡೆ ತೆಗೆದಳು.

ಅದು ಜಟ್ಟೆಪ್ಪನ ಹೆಂಡತಿ ಮರೆಮ್ಮನ ದಾರ. ಗಂಡ ಒಳಗೆ ಹೋದಾಗಿನಿಂದ ಮರೆಮ್ಮ ಕೂಸನ್ನು ಕಟ್ಟಿಕೊಂಡು ಆಫೀಸಿನ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದಳು. ಬಾಯಿಬಿಟ್ಟು ಏನನ್ನೂ ಕೇಳುತ್ತಿರಲಿಲ್ಲ, ಹಳೆ ಬಟ್ಟೆ ತುಂಡುಗಳ ಕೌದಿ ಹೊಲಿಯುತ್ತಿದ್ದಳು. ಗಾಳಾ ನೋಡಲು ಹೋದ ದಿನ ವಾರಿಜಾಳ ಹಿಂದೆಯೇ ನಡೆದು ಬಂದಿದ್ದಳು. ಅಳತೆಯ ಟೇಪು ಮರೆತದ್ದು ಗೊತ್ತಾದಾಗ, ಸೂಜಿಯಿಂದ ದಾರ ಕಿತ್ತುಕೊಟ್ಟವಳು ಅವಳೇ. ನೆಲದ ಎಡ ಬೋಲ್ಟಿನಿಂದ ಗೋಡೆಯವರೆಗೆ ದಾರ ಎಳೆದು, ಗೋಡೆ ಮುಟ್ಟಿದ ಕಡೆ ಹಲ್ಲಿನಿಂದ ಕಚ್ಚಿ ಗಂಟು ಹಾಕಿದ್ದಳು. 'ಇದ್ರಿಂದ ನಮ್ಮಾಂವ ಬರ್ತಾನೇನ್ರಿ?' ಎಂದು ಆಗ ಮಾತ್ರ ಕೇಳಿದ್ದಳು. ವಾರಿಜಾ ಕೂಸಿನ ಮೂಗು ಒರೆಸಿ ಬಂದಿದ್ದಳು.

"ಮಾನಪ್ಪ, ಈ ತುದಿಯನ್ನು ಎಡಗಾಲಿನ ತೂತಿನ ಹತ್ತಿರ ಹಿಡಿ."

ಅವಳು ದಾರವನ್ನು ನೇರವಾಗಿ ಎಡಕ್ಕೆ ಎಳೆದಳು. ಟೇಬಲ್ ಇನ್ನೂ ಕಚ್ಚಿಕೊಂಡ ಜಾಗದಲ್ಲೇ ನಿಂತಿತ್ತು. ಕೆಂಪು ದಾರದ ಗಂಟು ಟೇಬಲ್ಲಿನ ಎಡ ತುದಿಯ ನೇರಕ್ಕೆ ಬಂದು ನಿಂತಿತು.

ಹಮಾಲರೂ ಬಗ್ಗಿ ನೋಡಿದರು.

"ಥಾಣೆಯ ನಿಮ್ಮ ಗಾಳಾದಲ್ಲಿ ಈ ಗಂಟು ಇದ್ದ ಕಡೆ ಗೋಡೆ ಉಂಟು," ಎಂದಳು ವಾರಿಜಾ. "ಈ ಟೇಬಲ್ ಇಷ್ಟು ವರ್ಷ ಆ ಗೋಡೆಯವರೆಗೆ ಹೋಗಿ ಹೋಗಿ ತಿರುಗಿ ಬಂದದ್ದು. ಗೋಡೆಯ ಆಚೆಗೆ ಅದಕ್ಕೆ ದಾರಿಯೇ ಗೊತ್ತಿಲ್ಲ. ಬಣ್ಣ ಬದಲಿಸಿದಿರಿ, ನಂಬರು ತೀಡಿದಿರಿ, ಎಡಗಡೆಗೆ ಹೊಸ ಚಕ್ರ ಹಾಕಿಸಿದಿರಿ. ಸವೆತವನ್ನು ಎಂತ ಮಾಡುವುದು?"

ಪುಂಡರೀಕಾಕ್ಷ ದಾರವನ್ನು ನೋಡಿದ. ಆಮೇಲೆ ನಿಧಾನವಾಗಿ ಚಪ್ಪಾಳೆ ತಟ್ಟಿದ.

"ಭಾರಿ ಚಂದ. ಇದನ್ನು ಕೋರ್ಟಿನಲ್ಲಿ ಹೇಳಿ ಅಕ್ಕ. ಜಡ್ಜಿಗೆ ಕೌದಿಯ ದಾರ ತೋರಿಸಿ. ಮುಂಬೈಯಿಂದ ಕಲ್ಯಾಣದವರೆಗೆ ಗೋಡೆಗೆ ಒತ್ತಿ ಇಟ್ಟ ಮಶೀನು ನನ್ನದೊಂದೇನಾ? ಇಲ್ಲಿ ಮನುಷ್ಯರಿಗೇ ಕಾಲು ಚಾಚಲಿಕ್ಕೆ ಜಾಗ ಇಲ್ಲ!"

ಮಾನಪ್ಪ ತಲೆ ತಗ್ಗಿಸಿದ. ಮಾತು ಸುಳ್ಳಾಗಿರಲಿಲ್ಲ.

"ಲೋ, ಎತ್ತಿ!" ಎಂದು ಪುಂಡರೀಕಾಕ್ಷ ಹಮಾಲರಿಗೆ ಹೇಳಿದ.

"ಎತ್ತಿ," ಎಂದಳು ವಾರಿಜಾ.

ಎಲ್ಲರೂ ಅವಳ ಕಡೆ ತಿರುಗಿದರು. ಮಾನಪ್ಪನ ಬಾಯಿ ತೆರೆದೇ ಇತ್ತು.

"ಮಶೀನು ಶಂಕ್ರೆಪ್ಪನದ್ದು, ಕೊಡುವುದು ಬಿಡುವುದು ಅವರಿಷ್ಟ. ತಡೆಯಲಿಕ್ಕೆ ನಾನು ಪೊಲೀಸಲ್ಲ. ಆದರೆ ಶಂಕ್ರೆಪ್ಪ, ಒಳಗಿನ ಆ ಬೆಣೆ ಒಂದನ್ನು ನನಗೆ ಕೊಡಿ. ರಸೀದಿ ಬರೆದುಕೊಡುತ್ತೇನೆ."

"ಗಿಬ್ಬಾ? ಅದನ್ನ ತಗೊಂಡು ಏನ್ ಮಾಡ್ತೀರಿ?"

"ಈ ಟೇಬಲ್ಲಿನ ಜೊತೆ ಉಜ್ಜಿ ಉಜ್ಜಿ ಅದರ ಮೈ ಇದಕ್ಕೆ ಹೊಂದಿಕೊಂಡು ಸವೆದಿರ್ತದೆ. ಬೇರೆ ಯಾವ ಮಶೀನಿಗೂ ಕೂರುವುದಿಲ್ಲ. ಅದು ನನ್ನ ಹತ್ತಿರ ಇರುವವರೆಗೆ ಈ ಮಶೀನು ಎಲ್ಲಿಗೆ ಹೋದರೂ, ಯಾವ ಬಣ್ಣ ಬಳಿದುಕೊಂಡರೂ, ನಾನು ಗುರುತು ಹಿಡಿಯಬಲ್ಲೆ."

"ಅದು ಹೇಗೆ ಕೊಡ್ತೀರಿ?" ಪುಂಡರೀಕಾಕ್ಷನ ದನಿಯಲ್ಲಿ ಮೊದಲ ಸಲ ಸಿಟ್ಟು ಕಂಡಿತು. "ಮಶೀನು ಅಂದರೆ ಗಿಬ್ ಸಮೇತ ಮಶೀನು! ಶಂಕ್ರೆಪ್ಪ, ವ್ಯವಹಾರ ಬೇಕೋ ಬೇಡವೋ?"

ಶಂಕ್ರೆಪ್ಪ ತಲೆ ಕೆರೆದುಕೊಂಡ. ಲಾರಿಯನ್ನು ನೋಡಿದ, ದಾರದ ಗಂಟನ್ನು ನೋಡಿದ.

"ಶೇಠ, ಒಂದ್ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮಗ ಬೇಕಾದದ್ದು ಮಶೀನೋ, ಆ ಗಿಬ್ಬೋ? ಗೇಣುದ್ದದ ಕಬ್ಬಿಣಕ್ಕ ಇಷ್ಟು ಬೆವರತೀರಲ್ರಿ?" ಅವನು ಮಾನಪ್ಪನತ್ತ ತಿರುಗಿದ. "ತಗಿಯೋ ತಮ್ಮಾ. ಅಕ್ಕೋರಿಗೆ ಕೊಡು. ನಾನೂ ಹಮಾಲಿ ಮಾಡಿ ಬಂದಾಂವ. ಜೇಲಿನಾಗ ಕುಂತ ಆ ಕಾವಲುಗಾರನೂ ನಮ್ಮ ಕಡೀಯಾಂವ."

ಪುಂಡರೀಕಾಕ್ಷ ಒಂದು ಹೆಜ್ಜೆ ಮುಂದೆ ಬಂದ. ಶಂಕ್ರೆಪ್ಪ ಅವನ ದಾರಿಗೆ ಅಡ್ಡವಾಗಿ, ಏನೂ ಆಗದವನಂತೆ ನಿಂತು ಎಲೆ ಅಡಿಕೆಯ ಚೀಲ ಬಿಚ್ಚತೊಡಗಿದ.

ಮಾನಪ್ಪ ಬಿಗಿದ ಗಿಬ್ಬನ್ನು ಸಡಿಲಿಸಿದ. ಬೆಣೆಯನ್ನು ಹೊರಗೆಳೆಯಬೇಕಾದರೆ ಎಡಗಡೆಯ ತೆಳು ತುದಿಯ ಸ್ಕ್ರೂವನ್ನು ಪೂರ್ತಿ ಬಿಚ್ಚಬೇಕು. ಅದಕ್ಕಾಗಿ ಟೇಬಲ್ಲನ್ನು ಬಲದ ಕೊನೆಯವರೆಗೆ ಓಡಿಸಿದ. ಅಷ್ಟು ಹೊತ್ತು ಟೇಬಲ್ಲಿನ ನೆರಳಲ್ಲಿ ಮುಚ್ಚಿಹೋಗಿದ್ದ ಎಡಬದಿ ಈಗ ತೆರೆದುಕೊಂಡಿತು. ಅವನು ಟಾರ್ಚ್ ಹಿಡಿದು ಬಗ್ಗಿದ.

ಬಗ್ಗಿದವನು ಏಳಲಿಲ್ಲ.

"ಏನಾಯ್ತು ಮಾನಪ್ಪ?"

ಅವನು ಟಾರ್ಚನ್ನು ಅವಳತ್ತ ಚಾಚಿದ. ವಾರಿಜಾ ಅವನ ಪಕ್ಕದಲ್ಲಿ ಮೊಣಕಾಲೂರಿದಳು.

ಸ್ಕ್ರೂವಿನ ಕೆಳಗೆ, ಹೊಸ ಹಸಿರು ಬಣ್ಣದ ಮೇಲೆ, ಮೂರು ಬಿಳಿ ಗೆರೆಗಳಿದ್ದವು. ಎಣ್ಣೆಗೆ ಅಂಟಿ ಒಣಗಿದ ವಿಭೂತಿ. ಮೇಲಿನ ಗೆರೆ ಉದ್ದ, ಕೆಳಗಿನ ಗೆರೆ ಉದ್ದ. ನಡುವಿನದು ಅರ್ಧಕ್ಕೇ ನಿಂತಿತ್ತು.

ಅವಳು ಬೆರಳಿನ ತುದಿಯಿಂದ ಅಂಚನ್ನು ಮುಟ್ಟಿದಳು. ಬಿಳಿ ಪುಡಿ ಬೆರಳಿಗೆ ಬಂತು. ಅದರಡಿಯಲ್ಲಿ ಹಸಿರು ಬಣ್ಣ ಅಖಂಡವಾಗಿತ್ತು. ವಿಭೂತಿಯ ಮೇಲೆ ಬಣ್ಣ ಬಿದ್ದದ್ದಲ್ಲ, ಬಣ್ಣದ ಮೇಲೆ ವಿಭೂತಿ ಬಿದ್ದದ್ದು.

"ಶಂಕ್ರೆಪ್ಪ," ಎಂದಳು. "ಮಶೀನು ಇಲ್ಲಿಗೆ ಬಂದಾಗಲೇ ಈ ಬಣ್ಣ ಇತ್ತಾ?"

"ಇತ್ರಿ. ಇನ್ನೂ ಹಸಿ ಇತ್ತು, ನನ್ನ ಅಂಗಿಗೆ ಹತ್ತಿತ್ತು. ಥಾಣೇದ ಬೆಂಕಿ ಸುದ್ದಿ ಪೇಪರಿನಾಗ ಬಂದು ಆಗ ವಾರನೂ ಆಗಿತ್ತು."

"ಆ ಫಿಟ್ಟರ್. ಕೈಗೆ ಚಿಂದಿ ಕಟ್ಟಿದ್ದ ಅಂದಿರಿ. ಯಾವ ಕೈ?"

"ಬಲಗೈರಿ. ನಡುವಿನ ಬೆರಳಿಗೆ."

ವಾರಿಜಾಳ ಮನಸ್ಸಿಗೆ ಮೊದಲು ಬಂದದ್ದು ಶರಣಬಸಮ್ಮ, ಮಹಾದೇವಪ್ಪನ ಹೆಂಡತಿ. ಡೊಂಬಿವಲಿಯ ಚಾಳಿನ ಕೋಣೆಯಲ್ಲಿ, ಬಳೆ ಇಲ್ಲದ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತವಳು. ಅವಳ ಮುಂದೆ ಹೋಗಿ ಈ ಮಾತನ್ನು ಹೇಗೆ ಹೇಳುವುದು? ಒಳ್ಳೆಯ ಸುದ್ದಿ ಎಂದೋ? ಗಂಡ ಬದುಕಿದ್ದೂ ಬಾಗಿಲಿಗೆ ಬಂದಿಲ್ಲ ಎಂಬುದು ಯಾವ ಹೆಂಗಸಿಗೆ ಒಳ್ಳೆಯ ಸುದ್ದಿ?

ಅವಳು ಎದ್ದು ನಿಂತು ಸೀರೆಯ ಧೂಳು ಕೊಡವಿಕೊಂಡಳು. ಪುಂಡರೀಕಾಕ್ಷನತ್ತ ತಿರುಗಿದಳು.

"ನಿಮ್ಮ ಮಶೀನನ್ನು ಇಲ್ಲಿ ಕೂರಿಸಿ ಹೋದವನು ಮಹಾದೇವಪ್ಪ."

ಅವನು ನಗುತ್ತಾನೆಂದು, ಕೂಗಾಡುತ್ತಾನೆಂದು ಅವಳು ಕಾದಿದ್ದಳು. ಅವನು ಎರಡನ್ನೂ ಮಾಡಲಿಲ್ಲ. ಕೀಲಿಗೊಂಚಲು ಸಿಮೆಂಟಿನ ಮೇಲೆ ಬಿದ್ದು ಸದ್ದಾಯಿತು.

"ಸಾಧ್ಯವೇ ಇಲ್ಲ. ಅವನು ಒಳಗೇ ಇದ್ದ. ಬೀಗ ಹಾಕುವಾಗ ನಾನೇ ನೋಡಿ…"

ಅಲ್ಲಿಗೆ ನಿಲ್ಲಿಸಿದ. ತಡವಾಗಿತ್ತು. ಹಗ್ಗ ಹಿಡಿದಿದ್ದ ಹಮಾಲರೂ ಒಬ್ಬರ ಮುಖ ಒಬ್ಬರು ನೋಡಿದರು.

"ಒಳಗೆ ಯಾರಿದ್ದಾರೆಂದು ಗೊತ್ತೇ ಇರಲಿಲ್ಲ ಅಂದಿದ್ದಿರಿ," ಎಂದಳು ವಾರಿಜಾ. "ಪೊಲೀಸರ ಮುಂದೆ."

ಪುಂಡರೀಕಾಕ್ಷನ ಕಣ್ಣು ಆ ಮೂರು ಗೆರೆಗಳನ್ನು ಬಿಟ್ಟು ಕದಲಲಿಲ್ಲ. ಅದರಲ್ಲಿದ್ದದ್ದು ಸಿಕ್ಕಿಬಿದ್ದವನ ಅಂಜಿಕೆಯಲ್ಲ, ಸತ್ತವನನ್ನು ಕಂಡವನ ಅಂಜಿಕೆ.

ಶಂಕ್ರೆಪ್ಪ ಸದ್ದಿಲ್ಲದೆ ಹೋಗಿ ಶಟರನ್ನು ಕೆಳಗೆಳೆದು, ಅದಕ್ಕೆ ಬೆನ್ನು ಕೊಟ್ಟು ನಿಂತ.

ಮಾನಪ್ಪ ಇನ್ನೂ ನೆಲದ ಮೇಲೆಯೇ ಕೂತಿದ್ದ. ಗಿಬ್ ಇನ್ನೂ ಮಶೀನಿನೊಳಗೇ ಇತ್ತು. ಎಣ್ಣೆ ಮೆತ್ತಿದ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ, ಅವು ತನ್ನವಲ್ಲ ಎಂಬಂತೆ.

"ಕರಡಿಗಿ ಅಂವಂದ ಇತ್ರಿ ಅಕ್ಕೋರ. ನಾ ಸುಳ್ಳು ಹೇಳಿಲ್ಲ. ಜೀವ ಹೋದ್ರೂ ಅಂವ ಅದನ್ನ ಕೊರಳಿಂದ ಬಿಚ್ಚಾಂವ ಅಲ್ಲ."

ಅವನು ತಲೆಯೆತ್ತಿದ.

"ಹಾಂಗಾದ್ರ ಈ ಕೈಲಿಂದ ನಾ ಮಣ್ಣು ಕೊಟ್ಟಿದ್ದು ಯಾರಿಗ್ರಿ?"